ಪಾಠ ಹೇಳುವವರಿಗೆ ಪಾಠ ಹೇಳುವವರು ಯಾರು?

(ವಿದ್ಯಾರಣ್ಯಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಇವತ್ತು ಮೇಷ್ಟ್ರು ಹಿಂದಿನ ಬೆಂಚು, ನಾವು ಮುಂದಿನ ಬೆಂಚು. ಇದು ದಿನಾ ನಡೆಯೋದಲ್ಲ, ಅದಕ್ಕೇ ಮೊದಲು ಹೇಳಿದೆ. ಸಂಘಟಕರು ನನಗೆ ಕೊಟ್ಟ ವಿಷಯ 'ವಿಶ್ವವಿದ್ಯಾಲಯದ ಅಧ್ಯಾಪಕರ ವೃತ್ತಿ ಬೆಳವಣಿಗೆ, ತರಗತಿಯ ಹೊಸ ಸವಾಲುಗಳು'. ಅದನ್ನ ಓದಿದಾಗ ನಿಮ್ಮಲ್ಲಿ ಕೆಲವರು ನಕ್ಕಿರಿ. ಮೆಸ್ಸಿನ ಸಾರು ನೀರಾಗಿದೆ, ಸ್ಕಾಲರ್‌ಶಿಪ್ ಬಂದಿಲ್ಲ, ಬಾತ್‌ರೂಮಿಗೆ ಬಾಗಿಲಿಲ್ಲ, ಇಂಥದರಲ್ಲಿ ಮೇಷ್ಟ್ರ ಬೆಳವಣಿಗೆ ನಮಗ್ಯಾಕೆ ಅಂತ ಒಬ್ಬ ಗೆಳೆಯ ಬಾಗಿಲಲ್ಲೇ ಕೇಳಿದ. ನ್ಯಾಯವಾದ ಪ್ರಶ್ನೆ. ಆದರೆ ಯೋಚನೆ ಮಾಡಿ. ಮೆಸ್ಸಿನ ಸಾರು ನೀರಾದರೆ ತಟ್ಟೆ ಎತ್ತಿ ತೋರಿಸಬಹುದು, ವಾರ್ಡನ್ನನ್ನ ಕೇಳಬಹುದು, ಧರಣಿ ಕೂರಬಹುದು. ಪಾಠ ನೀರಾದರೆ ಯಾವ ತಟ್ಟೆ ತೋರಿಸ್ತೀರಿ? ಮೂರು ವರ್ಷ ಆದ ಮೇಲೆ ಕೈಗೆ ಡಿಗ್ರಿ ಬಂದಾಗಲೇ ಗೊತ್ತಾಗೋದು, ಹೊಟ್ಟೆ ತುಂಬಿಲ್ಲ ಅಂತ.

ಈ ಊರಿನ ಹೆಸರಲ್ಲಿ ವಿದ್ಯೆಯೂ ಇದೆ, ಅರಣ್ಯವೂ ಇದೆ. ಈ ಕಡೆ ಬಿಇಎಲ್, ಆ ಕಡೆ ಜಿಕೆವಿಕೆ, ಯಲಹಂಕ ದಾಟಿದರೆ ಗಾಜಿನ ಗೋಡೆಯ ಖಾಸಗಿ ವಿಶ್ವವಿದ್ಯಾಲಯಗಳು. ಬೆಳಿಗ್ಗೆ ಬಸ್ಸಲ್ಲಿ ನಿಂತರೆ ಅರ್ಧ ಜನ ಬ್ಯಾಗು ಹಾಕಿಕೊಂಡ ಹುಡುಗ ಹುಡುಗಿಯರೇ. ಇವರಲ್ಲಿ ಎಷ್ಟೋ ಜನ ತಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವರು. ಅಪ್ಪ ಗಾರೆ ಕೆಲಸ, ಅವ್ವ ಅಪಾರ್ಟ್‌ಮೆಂಟಿನಲ್ಲಿ ಮನೆಕೆಲಸ, ಮಗಳು ಬಿ.ಕಾಂ. ಈ ಮಗಳ ಎದುರು ನಿಲ್ಲುವ ಮೇಷ್ಟ್ರಿಗೆ ಯಾರು ಏನು ಕಲಿಸಿದ್ದಾರೆ ಅನ್ನೋದೇ ಇವತ್ತಿನ ಮಾತು.

ಮೊದಲು ಈ ತರಬೇತಿ ಅಂದರೆ ಏನು ಅಂತ ತಿಳಿದುಕೊಳ್ಳೋಣ, ಯಾಕಂದರೆ ನಮ್ಮಲ್ಲಿ ಹೆಚ್ಚಿನವರಿಗೆ ಇಂಥದೊಂದು ಇದೆ ಅಂತಲೇ ಗೊತ್ತಿಲ್ಲ. ಹೈಸ್ಕೂಲು ಮೇಷ್ಟ್ರಾಗಬೇಕಾದರೆ ಬಿ.ಎಡ್. ಬೇಕು. ಪಾಠ ಹೇಳೋದು ಹೇಗೆ ಅಂತ ಒಂದಿಷ್ಟಾದರೂ ಕಲಿತು ಬರ್ತಾರೆ. ಕಾಲೇಜು ಮೇಷ್ಟ್ರಿಗೆ ಅದು ಬೇಡ. ಎಂ.ಎ. ಆಗಿರಬೇಕು, ನೆಟ್ಟೋ ಸ್ಲೆಟ್ಟೋ ಪಿಎಚ್.ಡಿ.ಯೋ ಇರಬೇಕು. ಅವರಿಗೆ ವಿಷಯ ಗೊತ್ತಿದೆಯಾ ಅಂತ ಪರೀಕ್ಷೆ ಮಾಡ್ತಾರೆ. ಎದುರಿಗೆ ಕೂತಿರುವ ಮನುಷ್ಯರು ಗೊತ್ತಾ ಅಂತ ಯಾರೂ ಕೇಳೋದಿಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಇದು ಕೊರತೆ ಅಂತ ಸರ್ಕಾರಕ್ಕೇ ಅನ್ನಿಸಿತು. ಯುಜಿಸಿ ದೇಶದ ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜು ತೆರೀತು. ಬೆಂಗಳೂರು, ಮೈಸೂರು, ಧಾರವಾಡದಲ್ಲೂ ಬಂದವು. ಹೊಸ ಅಧ್ಯಾಪಕರಿಗೆ ನಾಲ್ಕು ವಾರದ ಓರಿಯೆಂಟೇಶನ್, ಹಳಬರಿಗೆ ಮೂರು ವಾರದ ರಿಫ್ರೆಶರ್. 2015ರಲ್ಲಿ ಅದಕ್ಕೆ ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರ ಅಂತ ಹೆಸರು ಬದಲಾಯಿತು. 2023ರ ಶಿಕ್ಷಕರ ದಿನದಂದು ಮತ್ತೆ ಹೆಸರು ಬದಲಾಗಿ ಮಾಳವೀಯ ಮಿಷನ್ ಆಯಿತು. ಹೆಸರಿಡೋದರಲ್ಲಿ ನಮ್ಮ ಸರ್ಕಾರಗಳು ಯಾವತ್ತೂ ಸೋತಿಲ್ಲ.

ಹೆಸರಿನ ಮಾತು ಬಂತು, ಅದಕ್ಕೊಂದು ಮಾತು ಸೇರಿಸಿ ಮುಂದೆ ಹೋಗ್ತೀನಿ. ಈ ದೇಶದಲ್ಲಿ ಅಧ್ಯಾಪಕರ ತರಬೇತಿಗೆ ಒಂದು ಹೆಸರು ಇಡಲೇಬೇಕು ಅಂತಿದ್ದರೆ ಇನ್ನೊಬ್ಬರ ಹೆಸರು ಕಣ್ಣೆದುರಿಗೇ ಇತ್ತು. ಸಾವಿತ್ರಿಬಾಯಿ ಫುಲೆ. 1840ರ ದಶಕದಲ್ಲೇ ಅಹಮದ್‌ನಗರದಲ್ಲಿ, ಪುಣೆಯಲ್ಲಿ ಅಧ್ಯಾಪಕಿಯ ತರಬೇತಿ ಪಡೆದ ಹೆಣ್ಣುಮಗಳು. 1848ರಲ್ಲಿ ಪುಣೆಯಲ್ಲಿ ಗಂಡ ಜೋತಿಬಾ ಜೊತೆ ಹೆಣ್ಣುಮಕ್ಕಳ ಶಾಲೆ ತೆರೆದರು. ಆ ಶಾಲೆಗಳಲ್ಲಿ ಕಲಿತ ಮುಕ್ತಾ ಸಾಳ್ವೆ ಅನ್ನೋ ಮಾಂಗರ ಹುಡುಗಿ, ಮಾಂಗರು ಅಂದರೆ ನಮ್ಮ ಕಡೆಯ ಮಾದಿಗರ ಹಾಗೆ, ತನ್ನ ಹದಿನಾಲ್ಕನೇ ವಯಸ್ಸಿನಲ್ಲಿ ಮಾಂಗ ಮಹಾರರ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ 'ಜ್ಞಾನೋದಯ' ಪತ್ರಿಕೆಯಲ್ಲಿ ಅದು ಅಚ್ಚಾಯಿತು. ನನಗೆ ಇಲ್ಲಿ ಮುಖ್ಯ ಅನ್ನಿಸೋದು ಇದು: ಆ ಹುಡುಗಿಗೆ ಬರೀ ಅಕ್ಷರ ಕಲಿಸಿದ್ದರೆ ಆಕೆ ಯಾವುದೋ ದೇವರ ಸ್ತೋತ್ರ ನಕಲು ಮಾಡಿಕೊಂಡು ಇರ್ತಿದ್ದಳು. ನಿನ್ನ ಬದುಕು ಬರೆಯೋದಕ್ಕೆ ಯೋಗ್ಯವಾದದ್ದು ಅಂತ ಆಕೆಗೆ ಅನ್ನಿಸೋ ಹಾಗೆ ಯಾರೋ ಪಾಠ ಹೇಳಿದ್ದಾರೆ.

ಈಗ ತರಬೇತಿ ಹೇಗೆ ನಡೆಯುತ್ತೆ? ಹೋಗಿ ಬಂದ ಮೇಷ್ಟ್ರುಗಳನ್ನೇ ಕೇಳಿದೀನಿ. ಒಳ್ಳೆ ಉಪನ್ಯಾಸಗಳೂ ಇರ್ತವೆ, ಸುಳ್ಳು ಹೇಳಬಾರದು. ಆದರೆ ಪ್ರಮೋಶನ್ನಿಗೆ ಈ ಸರ್ಟಿಫಿಕೇಟು ಬೇಕು ಅಂತ ನಿಯಮ. ಪ್ರಮೋಶನ್ ಹತ್ತಿರ ಬಂದಾಗ ರಿಫ್ರೆಶರ್ ನೆನಪಾಗುತ್ತೆ. ಬೆಳಿಗ್ಗೆ ಒಬ್ಬರು ಬಂದು ಪವರ್‌ಪಾಯಿಂಟ್ ಹಾಕ್ತಾರೆ, ಮಧ್ಯಾಹ್ನ ಇನ್ನೊಬ್ಬರು. ಕೊರೋನಾ ಬಂದ ಮೇಲೆ ಬಹಳಷ್ಟು ತರಬೇತಿ ಆನ್‌ಲೈನಿಗೇ ಹೋಯಿತು. ಕ್ಯಾಮೆರಾ ಆಫ್, ಮೈಕ್ ಆಫ್, ಒಲೆ ಮೇಲೆ ಅನ್ನ. ನಾವು ಆನ್‌ಲೈನ್ ಕ್ಲಾಸಿನಲ್ಲಿ ಮಾಡಿದ್ದನ್ನೇ ಮೇಷ್ಟ್ರುಗಳೂ ಮಾಡ್ತಾರೆ ಅಂದರೆ ಅವರ ಮೇಲೆ ನನಗೆ ಸಿಟ್ಟು ಬರಲ್ಲ, ನಗು ಬರುತ್ತೆ. ಮಾಳವೀಯ ಮಿಷನ್ನಿನ ಎಂಟು ವಿಷಯಗಳಲ್ಲಿ ವಿದ್ಯಾರ್ಥಿಗಳ ವೈವಿಧ್ಯ ಮತ್ತು ಎಲ್ಲರನ್ನೂ ಒಳಗೊಳ್ಳುವ ಶಿಕ್ಷಣ ಅಂತ ಒಂದು ವಿಷಯ ಇದೆ. ಕಾಗದದ ಮೇಲೆ ನಾವು ಇದ್ದೀವಿ ಅಂತಾಯ್ತು. ಎಂಟರಲ್ಲಿ ಒಂದು ಬಾಬತ್ತಾಗಿ.

ಈ 'ಹೊಸ ಸವಾಲು' ಅನ್ನೋ ಮಾತನ್ನ ಒಂದಿಷ್ಟು ಬಿಡಿಸಿ ನೋಡಬೇಕು. ಸ್ಟಾಫ್ ರೂಮುಗಳಲ್ಲಿ ಆಡೋ ಮಾತು ನಮ್ಮ ಕಿವಿಗೂ ಬೀಳುತ್ತೆ. ಮುಂಚೆ ಒಳ್ಳೆ ಸ್ಟೂಡೆಂಟ್ಸ್ ಬರ್ತಿದ್ರು, ಈಗ ಎಲ್ಲ ಥರದವರೂ ಬರ್ತಾರೆ, ಸ್ಟ್ಯಾಂಡರ್ಡ್ ಬಿದ್ದು ಹೋಯ್ತು. ಎಲ್ಲ ಥರದವರು ಅಂದರೆ ಯಾರು? ನಾವೇ. ಸವಾಲು ಅಂದರೆ ಪ್ರೊಜೆಕ್ಟರ್ ಅಲ್ಲ, ಮೊಬೈಲ್ ಅಲ್ಲ. ಕೇರಿಯಿಂದ, ತಾಂಡಾದಿಂದ, ಹಟ್ಟಿಯಿಂದ, ಸ್ಲಮ್ಮಿನಿಂದ ಬಂದು ಬೆಂಚಿನ ಮೇಲೆ ಕೂತಿರೋ ನಾವೇ ಸವಾಲು. ಹಾಗಂತ ಬೇಜಾರು ಮಾಡಿಕೋಬೇಡಿ. ಸವಾಲಾಗಿರೋದು ಒಳ್ಳೇದೇ. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂತ ಒಂದು ಮಾತು ಹೇಳಿದರು. ರಾಜ್ಯವೇ ಹೊತ್ತಿಕೊಂಡಿತು. ಹಾಸ್ಟೆಲ್ ಹುಡುಗರು ಏಟು ತಿಂದರು, ಮಂತ್ರಿ ರಾಜೀನಾಮೆ ಕೊಟ್ಟರು. ಆದರೆ ಅವತ್ತಿನಿಂದ ಕನ್ನಡ ತರಗತಿಯಲ್ಲಿ ಒಂದು ಪ್ರಶ್ನೆ ಎದ್ದು ನಿಂತಿತು, ಈ ಪಠ್ಯದಲ್ಲಿ ನಾವೆಲ್ಲಿ ಅಂತ. ಅದಕ್ಕೆ ಉತ್ತರ ಹೇಳೋದಕ್ಕೆ ಅವತ್ತಿನ ಮೇಷ್ಟ್ರುಗಳಿಗೆ ಯಾವ ರಿಫ್ರೆಶರ್ ಕೋರ್ಸೂ ಇರಲಿಲ್ಲ. ಉತ್ತರ ಕೊಟ್ಟವರು ಹಾಸ್ಟೆಲ್ಲಿನಿಂದ ಬಂದವರು. ಶ್ರೀರಾಮಪುರದ ಕಡೆಯಿಂದ, ಗೋಪಾಲಸ್ವಾಮಿ ಅಯ್ಯರ್ ಹಾಸ್ಟೆಲ್ಲಿನಿಂದ ಬಂದ ಸಿದ್ಧಲಿಂಗಯ್ಯನವರು ಮುಂದೆ ಬೆಂಗಳೂರು ವಿಶ್ವವಿದ್ಯಾಲಯದಲ್ಲೇ ಕನ್ನಡ ಪ್ರಾಧ್ಯಾಪಕರಾದರು. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳ್ತಿದ್ದ ಬಿ. ಕೃಷ್ಣಪ್ಪನವರು ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅಂದರೆ ನಮ್ಮ ಚಳವಳಿಯ ಅರ್ಧ ಭಾಗ ಕಾಲೇಜು ಮೇಷ್ಟ್ರುಗಳೇ. ಇದನ್ನ ಯಾಕೆ ಹೇಳ್ತಿದೀನಿ ಅಂದರೆ ಮೇಷ್ಟ್ರು ಅಂದಾಕ್ಷಣ ಎದುರಾಳಿ ಅಂತ ತಿಳಿಯೋ ಚಟ ನಮಗೆ ಬೇಡ.

ಈಗ ತರಗತಿ ಒಳಗೆ ಹೋಗೋಣ. ಮೇಷ್ಟ್ರು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಪಾಠ ಹೇಳಿ ಒಂದು ಸಲ ನಿಲ್ಲಿಸಿ ಕೇಳ್ತಾರೆ, "ಅರ್ಥ ಆಯ್ತಾ?" ನಾವು ಒಟ್ಟಿಗೆ ಹೇಳ್ತೀವಿ, "ಆಯ್ತು ಸಾರ್." ಇದು ಕರ್ನಾಟಕದ ಎಲ್ಲ ಕಾಲೇಜಲ್ಲೂ ದಿನಕ್ಕೆ ಆರು ಸಲ ನಡೆಯೋ ನಾಟಕ. ಮೇಷ್ಟ್ರಿಗೂ ಗೊತ್ತು, ನಮಗೂ ಗೊತ್ತು. ಅರ್ಥ ಆಗಿಲ್ಲ ಅಂದರೆ ಏನಾಗುತ್ತೆ? ಎದ್ದು ನಿಂತು, ಏನು ಅರ್ಥ ಆಗಿಲ್ಲ ಹೇಳು ಅಂತಾರೆ. ಅರ್ಥ ಆಗದೇ ಇರೋದನ್ನ ಹೇಳೋದಕ್ಕೂ ಇಂಗ್ಲಿಷ್ ಬೇಕಲ್ಲ! ಅದಕ್ಕೇ ಆಯ್ತು ಸಾರ್.

ಅರ್ಥಶಾಸ್ತ್ರದ ಒಂದು ಉದಾಹರಣೆ ಕೊಡ್ತೀನಿ. ನಮ್ಮ ಹುಡುಗ ಪಿಯುಸಿಯಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ 'ಸೀಮಾಂತ ತುಷ್ಟಿಗುಣ' ಓದಿದಾನೆ. ಮೊದಲನೇ ಮುದ್ದೆ ತಿಂದಾಗ ಇರೋ ರುಚಿ ನಾಲ್ಕನೇ ಮುದ್ದೆಗೆ ಇರಲ್ಲ, ಇಷ್ಟೇ ಆ ನಿಯಮ. ಹಸಿವು ಗೊತ್ತಿದ್ದವನಿಗೆ ಅದನ್ನ ಹೇಳಿಕೊಡಬೇಕಾದ್ದಿಲ್ಲ. ಡಿಗ್ರಿಯಲ್ಲಿ ಮೇಷ್ಟ್ರು ಬಂದು 'ಮಾರ್ಜಿನಲ್ ಯುಟಿಲಿಟಿ' ಅಂತಾರೆ. ಹುಡುಗ ಇದೇನೋ ಹೊಸದು ಅಂತ ಹೆದರಿಕೊಳ್ತಾನೆ. ಎರಡೂ ಒಂದೇ ಅಂತ ಅವನಿಗೆ ಯಾರೂ ಹೇಳಲ್ಲ. ಮೇಷ್ಟ್ರಿಗೆ ಕನ್ನಡದ ಪದ ಗೊತ್ತಿಲ್ಲ, ಹುಡುಗನಿಗೆ ಇಂಗ್ಲಿಷಿನ ಪದ ಗೊತ್ತಿಲ್ಲ. ವಿಷಯ ಇಬ್ಬರಿಗೂ ಗೊತ್ತು! ಸೈನ್ಸಿನಲ್ಲೂ ಹೀಗೇ. ಹೈಸ್ಕೂಲಲ್ಲಿ 'ದ್ಯುತಿಸಂಶ್ಲೇಷಣೆ' ಬಾಯಿಪಾಠ ಮಾಡಿದವಳು 'ಫೋಟೋಸಿಂಥೆಸಿಸ್' ಮುಂದೆ ಬೆಪ್ಪಾಗಿ ನಿಲ್ತಾಳೆ. 'ಅಭಿಸರಣೆ' ಗೊತ್ತಿದ್ದವಳಿಗೆ 'ಆಸ್ಮೋಸಿಸ್' ಗೊತ್ತಿಲ್ಲ. (ಈ ದ್ಯುತಿಸಂಶ್ಲೇಷಣೆ ಯಾವ ಕೇರಿಯ ಕನ್ನಡ ಅಂತ ಕೇಳಬೇಡಿ. ಕನ್ನಡದ ಹೆಸರಲ್ಲಿ ಸಂಸ್ಕೃತ ಉರು ಹೊಡೆಸಿ, ಆಮೇಲೆ ಅದೂ ಪ್ರಯೋಜನವಿಲ್ಲ ಅಂತ ಇಂಗ್ಲಿಷಿಗೆ ತಳ್ಳೋದು, ಎರಡು ಸಲ ಪರೀಕ್ಷೆ. ಆ ಜಗಳ ಇನ್ನೊಂದು ದಿನ ಆಡೋಣ.)

ಇದಕ್ಕೆ ಪರಿಹಾರ ಏನು ಕಷ್ಟದ್ದಲ್ಲ. ಪಾಠ ಶುರುವಾಗೋ ಮುಂಚೆ ಆ ಅಧ್ಯಾಯದ ಹದಿನೈದು ಪದಗಳನ್ನ ಬೋರ್ಡಿನ ಮೇಲೆ ಎರಡೂ ಭಾಷೆಯಲ್ಲಿ ಬರೆಯಬಹುದು. ಹತ್ತು ನಿಮಿಷದ ಕೆಲಸ. ಅರ್ಥ ಆಯ್ತಾ ಅನ್ನೋ ಬದಲು ಒಂದು ಪ್ರಶ್ನೆ ಕೊಟ್ಟು, ಪಕ್ಕದವರ ಜೊತೆ ನಿಮಗೆ ಬಂದ ಭಾಷೆಯಲ್ಲಿ ಮಾತಾಡಿ ಉತ್ತರ ಹೇಳಿ ಅನ್ನಬಹುದು. ಮೊದಲನೇ ಇಂಟರ್ನಲ್ ಪೇಪರನ್ನ ಅಂಕ ಹಾಕೋದಕ್ಕೆ ಮಾತ್ರ ಓದದೆ, ಯಾರು ಎಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ ಅಂತ ನೋಡೋದಕ್ಕೆ ಓದಬಹುದು. ವಾಕ್ಯ ಕೆಟ್ಟಿರೋದು ಬೇರೆ, ವಿಚಾರ ಕೆಟ್ಟಿರೋದು ಬೇರೆ. ಈ ಎರಡನ್ನ ಬೇರೆ ಮಾಡಿ ನೋಡೋ ಕಣ್ಣು ಒಂದು ಕಸುಬು. ಕುಂಬಾರನಿಗೆ ಮಣ್ಣಿನ ಹದ ಗೊತ್ತಾಗೋ ಹಾಗೆ ಅದನ್ನ ಕಲೀಬೇಕು, ತಾನಾಗಿ ಬರೋದಿಲ್ಲ. ಕುವೆಂಪು 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಕನ್ನಡದಲ್ಲೇ ಪದವಿ ಪಾಠ ಆಗಬೇಕು ಅಂತ ಹಟ ಹಿಡಿದರು, ಪುಸ್ತಕ ಬರೆಸಿದರು. ಮುಂದೆ ಬಂದವರು ಆ ಕೆಲಸವನ್ನ ಅರ್ಧಕ್ಕೆ ಕೈಬಿಟ್ಟರು. ರಿಫ್ರೆಶರ್ ಕೋರ್ಸಿನಲ್ಲಿ ಎರಡು ಭಾಷೆಯಲ್ಲಿ ಪಾಠ ಹೇಳೋ ಕಸುಬಿಗೆ ಒಂದು ಪೂರ್ತಿ ವಾರ ಕೊಡಿ ಅಂತ ನಾನು ಕೇಳ್ತೀನಿ. ಬೇರೆಲ್ಲ ಆಮೇಲೆ.

ಎರಡನೇದು ನೋಯುವ ವಿಷಯ. ನಾನು ಓದಿದ ಕಡೆ ಗುಮಾಸ್ತರು ಕ್ಲಾಸಿನೊಳಗೆ ಬಂದು, "ಎಸ್ಸಿ ಎಸ್ಟಿ ಹುಡುಗರು ಎದ್ದು ನಿಲ್ಲಿ, ಸ್ಕಾಲರ್‌ಶಿಪ್ಪಿಗೆ ಜಾತಿ ಸರ್ಟಿಫಿಕೇಟ್ ಕೊಟ್ಟಿಲ್ಲ" ಅಂತ ಪಟ್ಟಿ ಓದ್ತಿದ್ದರು. ಅರವತ್ತು ಜನರಲ್ಲಿ ಹನ್ನೊಂದು ಜನ ಎದ್ದು ನಿಲ್ಲೋರು. ಪಾಠ ನಿಲ್ಲಿಸಿ ನಿಂತಿದ್ದ ಉಪನ್ಯಾಸಕರು ಒಂದು ಸಲ, "ನಿಮಗೇನಪ್ಪ, ಸರ್ಕಾರದ ಅಳಿಯಂದಿರು" ಅಂದರು. ಕ್ಲಾಸೆಲ್ಲ ನಕ್ಕಿತು. ಅವರು ಕೆಟ್ಟವರಲ್ಲ, ತಮಾಷೆ ಅಂತಲೇ ಅಂದುಕೊಂಡಿರಬೇಕು. ಆದರೆ ಅವತ್ತು ಮಧ್ಯಾಹ್ನದಿಂದ ನಮ್ಮ ಜೊತೆ ಒಂದೇ ಡಬ್ಬಿಯಲ್ಲಿ ಊಟ ಮಾಡ್ತಿದ್ದ ಒಬ್ಬ ಬೇರೆ ಮರದ ಕೆಳಗೆ ಹೋದ. ಸ್ಕಾಲರ್‌ಶಿಪ್ ಯಾರ ಧರ್ಮವೂ ಅಲ್ಲ. ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲೇ, ಬಾಬಾಸಾಹೇಬರು ವೈಸ್‌ರಾಯ್ ಕೌನ್ಸಿಲಿನಲ್ಲಿದ್ದ ಕಾಲದಲ್ಲಿ ಶುರುವಾದದ್ದು. ಇಷ್ಟು ಇತಿಹಾಸ ಮೇಷ್ಟ್ರಿಗೆ ತರಬೇತಿಯಲ್ಲಿ ಹೇಳಿದ್ದರೆ ಆ ಮಾತು ನಾಲಿಗೆಗೆ ಬರೋ ಮುಂಚೆ ತಡೀತಿತ್ತೋ ಏನೋ. ಪಟ್ಟಿಯನ್ನ ಆಫೀಸಿನಲ್ಲಿ ಇಟ್ಟು ಒಬ್ಬೊಬ್ಬರಿಗೇ ಮೆಸೇಜ್ ಕಳಿಸೋದಕ್ಕೆ ಏನು ಖರ್ಚು?

ಇದು ಬರೀ ನಮ್ಮ ಹೊಟ್ಟೆಕಿಚ್ಚಿನ ಮಾತಲ್ಲ. ದಿಲ್ಲಿಯ ಏಮ್ಸ್ ಆಸ್ಪತ್ರೆ ಕಾಲೇಜಿನಲ್ಲಿ ದಲಿತ, ಆದಿವಾಸಿ ವಿದ್ಯಾರ್ಥಿಗಳ ದೂರಿನ ಮೇಲೆ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಮೇಷ್ಟ್ರುಗಳಿಂದ ಸಿಗಬೇಕಾದ ನೆರವು ಸಿಗ್ತಿಲ್ಲ, ಪ್ರಾಕ್ಟಿಕಲ್ ಮತ್ತು ವೈವಾದಲ್ಲಿ ಅನ್ಯಾಯ ಆಗ್ತಿದೆ ಅಂತ ಹುಡುಗರು ಹೇಳಿದ್ದು ಅದರಲ್ಲಿ ದಾಖಲಾಗಿದೆ. 2012ರಲ್ಲಿ ಯುಜಿಸಿ ಸಮಾನತೆಯ ನಿಯಮ ತಂದಿತು. ಅದರ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ಸಮಾನ ಅವಕಾಶ ಘಟಕ ಇರಬೇಕಿತ್ತು, ತಾರತಮ್ಯ ವಿರೋಧಿ ಅಧಿಕಾರಿ ಇರಬೇಕಿತ್ತು. ನಿಮ್ಮ ಕಾಲೇಜಲ್ಲಿ ಆ ಅಧಿಕಾರಿ ಯಾರು ಅಂತ ಇಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ. (ಎರಡು ಕೈ ಎದ್ದವು.) ನಿಯಮ ಬಂದು ನಾಲ್ಕು ವರ್ಷಕ್ಕೆ, 2016ರ ಜನವರಿ 17ರಂದು, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ರೋಹಿತ್ ವೇಮುಲ ಹೋದ. ಅವನ ಬಗ್ಗೆ ಇಲ್ಲಿ ನಾನು ಹೆಚ್ಚು ಹೇಳಬೇಕಾಗಿಲ್ಲ. ನಿಮ್ಮ ರೂಮಿನ ಗೋಡೆ ಮೇಲೆ ಅವನ ಫೋಟೋ ಇದೆ.

ಇನ್ನು ಮೊಬೈಲು ಮತ್ತು ಎಐ. ಈಗ ಎಲ್ಲ ತರಬೇತಿಯಲ್ಲೂ ಇದೇ ಮಾತಂತೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಸೈನ್‌ಮೆಂಟು ಯಾರು ಬರೆದದ್ದು ಅಂತ ಕಂಡುಹಿಡಿಯೋದೇ ಮೇಷ್ಟ್ರ ಕೆಲಸ ಆಗಿದೆ. ನಮ್ಮ ಹಾಸ್ಟೆಲಲ್ಲಿ ಏನು ನಡೀತಿದೆ ಅಂತ ನಾನು ನೋಡಿದೀನಿ. ಕದ್ದು ಬರೆಯೋರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಇಂಗ್ಲಿಷ್ ನೋಟ್ಸನ್ನ ಫೋನಿಗೆ ಹಾಕಿ, ಕನ್ನಡದಲ್ಲಿ ಹೇಳು, ಇನ್ನೂ ಸುಲಭವಾಗಿ ಹೇಳು ಅಂತ ಕೇಳ್ತಾ ಕೂತಿರೋ ಹುಡುಗಿಯರು ಇದ್ದಾರೆ. ಬೆಳಿಗ್ಗೆ ಕ್ಲಾಸಲ್ಲಿ ಕೇಳೋದಕ್ಕೆ ಆಗದೇ ಇದ್ದದ್ದನ್ನ ಆ ಪೆಟ್ಟಿಗೆಯನ್ನ ಕೇಳ್ತಾರೆ. ಅದು ನಗೋದಿಲ್ಲ, ಜಾತಿ ಕೇಳೋದಿಲ್ಲ, ತಪ್ಪು ಹೇಳಿದರೂ ಧೈರ್ಯವಾಗಿ ಹೇಳುತ್ತೆ, ಅದೇ ಅಪಾಯ. ಮೇಷ್ಟ್ರು ಇದನ್ನ ಕಳ್ಳತನ ಅಂತ ಮಾತ್ರ ನೋಡಿದರೆ ತಮ್ಮ ತರಗತಿಯಲ್ಲಿ ಏನು ಕೊರತೆ ಇದೆ ಅಂತ ಅವರಿಗೆ ಯಾವತ್ತೂ ಗೊತ್ತಾಗಲ್ಲ.

ಇದರಲ್ಲಿ ಇನ್ನೊಂದು ಗಂಟಿದೆ, ಹುಷಾರಾಗಿರಬೇಕು. ಬರೆಸಿದರೆ ಎಐ ಬರೆಯುತ್ತೆ, ಆದ್ದರಿಂದ ಬಾಯಿಮಾತಿನಲ್ಲಿ ಪರೀಕ್ಷೆ ಮಾಡೋಣ ಅಂತ ಕೆಲವು ಮೇಷ್ಟ್ರುಗಳು ಹೇಳ್ತಿದ್ದಾರೆ. ಕೇಳೋದಕ್ಕೆ ಚೆನ್ನಾಗಿದೆ. ನಿನ್ನ ಮಾತಿನಲ್ಲಿ ಹೇಳು ಅಂದರೆ ನಮ್ಮವರು ಚೆನ್ನಾಗೇ ಹೇಳ್ತಾರೆ, ಅದೂ ಕನ್ನಡದಲ್ಲಿ ಬಿಟ್ಟರೆ. ಆದರೆ ವಿಶ್ವವಿದ್ಯಾಲಯದ ಪರೀಕ್ಷೆಯ ಉತ್ತರ ಪತ್ರಿಕೆಯಲ್ಲಿ ನಂಬರ್ ಇರುತ್ತೆ, ಮುಖ ಇರಲ್ಲ. ಊರು ಇರಲ್ಲ, ಅಪ್ಪನ ಹೆಸರು ಇರಲ್ಲ. ನಮ್ಮಂಥವರನ್ನ ಇಷ್ಟು ದಿನ ಅಷ್ಟಿಷ್ಟು ಕಾಪಾಡಿದ್ದು ಆ ನಂಬರು. ವೈವಾ ಅಂದರೆ ಮುಖ ತೋರಿಸಬೇಕು. ಎಲ್ಲಿಯವನಪ್ಪ ಅಂತ ಶುರುವಾಗುತ್ತೆ. ಆದ್ದರಿಂದ ಬಾಯಿಪರೀಕ್ಷೆ ಬರೋದಾದರೆ ಇಬ್ಬರು ಕೂತು ಅಂಕ ಹಾಕಲಿ, ಕೇಳಿದ ಪ್ರಶ್ನೆ ಬರೆದಿಡಲಿ, ಊರು ಕೇರಿ ಕೇಳಬಾರದು ಅಂತ ಮೊದಲೇ ಹೇಳಿರಲಿ. ಇದೂ ತರಬೇತಿಯ ವಿಷಯವೇ.

ಹತ್ತಿರದಲ್ಲೇ ಒಂದು ದಾರಿ ಇದೆ. ಜಿಕೆವಿಕೆ ನೋಡಿ, ಕೃಷಿ ವಿಶ್ವವಿದ್ಯಾಲಯ, 1964ರಲ್ಲಿ ಹುಟ್ಟಿದ್ದು. ಕೃಷಿಕರ ಕೋಟಾದಲ್ಲಿ ಸೀಟು ಬೇಕು ಅನ್ನುವ ಹುಡುಗರಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ ಗುರುತಿಸು, ಗೊಬ್ಬರ ಗುರುತಿಸು, ಸಲಕರಣೆ ಗುರುತಿಸು. ಅಂದರೆ ಹೊಲದಲ್ಲಿ ಕಲಿತದ್ದೂ ವಿದ್ಯೆ, ಅದಕ್ಕೂ ಅಂಕ ಇದೆ ಅಂತ ಒಂದು ವಿಶ್ವವಿದ್ಯಾಲಯ ಒಪ್ಪಿಕೊಂಡ ಹಾಗಾಯ್ತು. ಕೊನೆಯ ವರ್ಷದ ಹುಡುಗರನ್ನ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಹಳ್ಳಿಗೆ ಕಳಿಸ್ತಾರೆ, ಅಲ್ಲೇ ಇದ್ದು ರೈತರಿಂದ ಕಲೀರಿ ಅಂತ. ಮೇಷ್ಟ್ರುಗಳ ಮಟ್ಟದಲ್ಲೂ ಇದೆ. ಹೈದರಾಬಾದಿನಲ್ಲಿ 1976ರಲ್ಲಿ ಶುರುವಾದ 'ನಾರ್ಮ್' ಅನ್ನುವ ಅಕಾಡೆಮಿ ಹೊಸದಾಗಿ ಕೆಲಸಕ್ಕೆ ಸೇರುವ ಕೃಷಿ ವಿಜ್ಞಾನಿಗಳಿಗೆ ಬುನಾದಿ ತರಬೇತಿ ಕೊಡುತ್ತೆ. ಆ ತರಬೇತಿಯ ಒಂದು ಭಾಗ ಹಳ್ಳಿಯಲ್ಲಿ ಉಳಿದು ಜನರ ಜೊತೆ ಕೂತು ಕಲಿಯೋದು. ಡಾಕ್ಟರೇಟ್ ಆದವರು ರೈತನ ಜಗಲಿ ಮೇಲೆ ಕೂತು, ನಿಮ್ಮ ಕಷ್ಟ ಏನು ಅಂತ ಕೇಳಿ ಬರೆದುಕೊಳ್ತಾರೆ. ಆ ಹಳ್ಳಿಯಲ್ಲಿ ಯಾರ ಜಗಲಿ, ಊರಿನದೋ ಕೇರಿಯದೋ, ಅನ್ನೋ ಪ್ರಶ್ನೆ ಇದ್ದೇ ಇದೆ. ಆದರೂ ದಾರಿ ಸರಿ ಇದೆ.

ಇತಿಹಾಸದ ಮೇಷ್ಟ್ರು, ಕಾಮರ್ಸ್ ಮೇಡಂ, ಕನ್ನಡ ಮೇಷ್ಟ್ರು, ಇವರ ರಿಫ್ರೆಶರ್ ಕೋರ್ಸಿನಲ್ಲಿ ಮೂರು ದಿನ ಹಾಸ್ಟೆಲಿಗೆ ಬರಲಿ ಅಂತ ನಾನು ಕೇಳೋದು. ಇನ್‌ಸ್ಪೆಕ್ಷನ್ನಿಗೆ ಅಲ್ಲ. ಇನ್‌ಸ್ಪೆಕ್ಷನ್ ದಿನ ನಮಗೂ ಗೊತ್ತು, ಅವತ್ತು ಮೊಟ್ಟೆ ಬರುತ್ತೆ. ಸಂಜೆ ಏಳಕ್ಕೆ ಬಂದು ಒಂದು ರೂಮಲ್ಲಿ ಎಂಟು ಜನ ಹೇಗೆ ಓದ್ತಾರೆ ನೋಡಲಿ. ತಮ್ಮದೇ ನೋಟ್ಸು ಕೈಯಿಂದ ಕೈಗೆ ಹೋಗಿ ಏನಾಗಿದೆ ನೋಡಲಿ. ಭಾನುವಾರ ಕೇಟರಿಂಗ್ ಕೆಲಸಕ್ಕೆ ಹೋಗಿ ಬಂದವನು ಸೋಮವಾರ ಮೊದಲನೇ ಪೀರಿಯಡ್ಡಿನಲ್ಲಿ ಯಾಕೆ ತೂಕಡಿಸ್ತಾನೆ ಅಂತ ಅವರಿಗೇ ತಿಳಿಯುತ್ತೆ. ತರಬೇತಿ ಕೊಡುವವರ ಪಟ್ಟಿಯಲ್ಲಿ ಪ್ರೊಫೆಸರುಗಳ ಜೊತೆ ಇಬ್ಬರು ವಿದ್ಯಾರ್ಥಿಗಳ ಹೆಸರೂ ಇರಲಿ. ಗೌರವಧನ ಬೇಡ, ಟೀ ಸಾಕು.

ಈಗ ಮೇಷ್ಟ್ರುಗಳ ಪರವಾಗಿಯೂ ಮಾತಾಡಬೇಕು, ಅವರು ಹಿಂದೆ ಸುಮ್ಮನೆ ಕೂತಿದ್ದಾರೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ನಿಜವಾಗಿ ಪಾಠ ಹೇಳ್ತಿರೋರು ಯಾರು? ಅತಿಥಿ ಉಪನ್ಯಾಸಕರು. ಹತ್ತು ಸಾವಿರಕ್ಕೂ ಹೆಚ್ಚು ಜನ. ಹದಿನೈದು ವರ್ಷದಿಂದ ಇರೋ ಅತಿಥಿಗಳೂ ಇದ್ದಾರೆ, ಎಂಥ ಊಟದ ಮನೆ ಇದು! 2022ರ ಜನವರಿಯವರೆಗೆ ತಿಂಗಳಿಗೆ 11 ಸಾವಿರ, 13 ಸಾವಿರ ಸಂಬಳ. ಚಳವಳಿ ಮಾಡಿದ ಮೇಲೆ ಹೆಚ್ಚಾಯಿತು, ಕೆಲಸದ ಭದ್ರತೆ ಬರಲಿಲ್ಲ. ರಿಫ್ರೆಶರ್ ಸರ್ಟಿಫಿಕೇಟಿನಿಂದ ಇವರಿಗೆ ಸಿಗೋ ಪ್ರಮೋಶನ್ ಯಾವುದು? ಪ್ರಮೋಶನ್ನಿಗೆ ಕಟ್ಟಿಹಾಕಿದ ತರಬೇತಿ ಪ್ರಮೋಶನ್ ಇಲ್ಲದವರನ್ನ ಮುಟ್ಟೋದಿಲ್ಲ. ನಮ್ಮಂಥವರ ಎದುರು ದಿನಾ ನಿಲ್ಲೋರು ಅವರೇ. ಅದರ ಮೇಲೆ ಸಿಲಬಸ್. 2021-22ರಲ್ಲಿ ದೇಶದಲ್ಲೇ ಮೊದಲು ಅಂತ ಕರ್ನಾಟಕ ಎನ್‌ಇಪಿ ತಂದಿತು. ನಾಲ್ಕು ವರ್ಷದ ಆನರ್ಸ್, ಓಪನ್ ಎಲೆಕ್ಟಿವ್, ಏನೇನೋ. 2024-25ರಿಂದ ಅದನ್ನ ತೆಗೆದು ಮತ್ತೆ ಮೂರು ವರ್ಷದ ಪದವಿ. ಅದೇ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟಿನಲ್ಲಿ ವರದಿ ಕೊಟ್ಟಿದೆ. ಒಬ್ಬ ಮೇಷ್ಟ್ರು ಹತ್ತು ವರ್ಷದೊಳಗೆ ಮೂರು ಥರದ ಸಿಲಬಸ್ ಹೊತ್ತಿದ್ದಾರೆ, ಜೊತೆಗೆ ಯುಯುಸಿಎಂಎಸ್ಸಿಗೆ ಹಾಜರಿ, ಇಂಟರ್ನಲ್ಲು ತುಂಬಿಸಬೇಕು. ಇವರಿಗೆ ನಮ್ಮ ಮುಖ ನೋಡೋಕೆ ಪುರುಸೊತ್ತೆಲ್ಲಿ?

ನಮ್ಮ ಜಾತಿಯಿಂದಲೇ ಬಂದ ಮೇಷ್ಟ್ರುಗಳ ಪಾಡು ಇನ್ನೊಂದು. ಬಾಬಾಸಾಹೇಬರು 1918ರ ನವೆಂಬರಿನಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ಅಧ್ಯಾಪಕರ ಕೊಠಡಿಯ ನೀರಿನ ಪಾತ್ರೆ ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳೇ ತಕರಾರು ತೆಗೆದರು. ಹುಡುಗರೂ ಮೊದಮೊದಲು, ಇವರೇನು ಪಾಠ ಹೇಳ್ತಾರೆ ಅಂತ ಲೆಕ್ಕಕ್ಕೆ ತಗೊಂಡಿರಲಿಲ್ಲ. ಆಮೇಲೆ ಅವರ ಪಾಠ ಕೇಳೋದಕ್ಕೆ ಬೇರೆ ಕಾಲೇಜಿನ ಹುಡುಗರೂ ಬಂದು ಕೂತ್ಕೊಳ್ತಿದ್ದರು. ಅದು ಅವರ ದೊಡ್ಡತನ. ಆದರೆ ಎಲ್ಲರೂ ಅಂಬೇಡ್ಕರ್ ಆಗಲೇಬೇಕಾ, ಪಾಠ ಹೇಳೋ ಮರ್ಯಾದೆ ಸಿಗೋದಕ್ಕೆ? ಇವತ್ತೂ ಬೆನ್ನ ಹಿಂದೆ 'ಕೋಟಾ ಮೇಷ್ಟ್ರು' ಅಂತಾರೆ. ಆ ಮಾತು ಕ್ಲಾಸಿನಲ್ಲಿ ಬಂದಾಗ ಏನು ಮಾಡಬೇಕು, ಪ್ರಿನ್ಸಿಪಾಲರು ಏನು ಮಾಡಬೇಕು, ಜೊತೆಯ ಮೇಷ್ಟ್ರುಗಳು ಏನು ಮಾಡಬೇಕು? ಇದಕ್ಕೆ ಯಾವ ತರಬೇತಿಯಲ್ಲಿ ಒಂದು ಗಂಟೆ ಇಟ್ಟಿದ್ದಾರೆ?

ಇಷ್ಟು ಹೇಳಿದ ಮೇಲೆ ಕೆಲಸದ ಮಾತು. ಈಗ ನಿಮ್ಮ ಕೈಗೆ ಒಂದೊಂದು ಬಿಳಿ ಹಾಳೆ ಬರುತ್ತೆ. ಅದರಲ್ಲಿ, ನಿಮ್ಮ ತರಗತಿಯಲ್ಲಿ ಮೇಷ್ಟ್ರು ಮಾಡಿದ ಯಾವ ಒಂದು ಸಣ್ಣ ಕೆಲಸದಿಂದ ಪಾಠ ಅರ್ಥವಾಯಿತು, ಯಾವ ಒಂದು ಸಣ್ಣ ಮಾತಿನಿಂದ ಬಾಯಿ ಮುಚ್ಚಿತು, ಎರಡೇ ವಿಷಯ ಬರೀರಿ. ನಿಮ್ಮ ಹೆಸರು ಬೇಡ, ಮೇಷ್ಟ್ರ ಹೆಸರೂ ಬೇಡ. ಬೈಗುಳ ಬೇಡ, ಅದಕ್ಕೆ ಬೇರೆ ಸಭೆ ಇದೆ. ಕನ್ನಡ, ಉರ್ದು, ತೆಲುಗು, ಲಂಬಾಣಿ, ಯಾವುದರಲ್ಲಾದರೂ ಬರೀರಿ, ಓದಿ ಹೇಳೋರು ನಮ್ಮಲ್ಲಿದ್ದಾರೆ. ಹಿಂದೆ ಕೂತಿರುವ ಮೇಷ್ಟ್ರುಗಳಿಗೂ ಹಾಳೆ ಕೊಡ್ತೀವಿ. ನಮ್ಮಿಂದ ಅವರಿಗೆ ಏನು ಕಷ್ಟ ಅಂತ ಅವರೂ ಬರೀಲಿ. ಎಲ್ಲ ಸೇರಿಸಿ ನಕಲು ಮಾಡಿ, ಒಂದನ್ನ ತರಬೇತಿ ಕೇಂದ್ರದ ನಿರ್ದೇಶಕರಿಗೆ, ಒಂದನ್ನ ಕಾಲೇಜು ಶಿಕ್ಷಣ ಇಲಾಖೆಗೆ ಕೊಟ್ಟು ಸ್ವೀಕೃತಿ ಸೀಲು ಹಾಕಿಸಿಕೊಂಡು ಬರೋಣ. ಪೆನ್ನು ಇಲ್ಲದವರು ಪಕ್ಕದವರನ್ನ ಕೇಳಿ. ಕೊನೆಯ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ.

ಜೈಭೀಮ್.